ಬೀಗದ ಕೈ ಒಳಗೇ ಉಳಿದಾಗ

ಕಾರಿನಿಂದ ಇಳಿದು ಬಾಗಿಲು ಹಾಕಿ ನಾಲ್ಕು ಹೆಜ್ಜೆ ನಡೆದಾಗ ಜೇಬು ಹಗುರವೆನಿಸುತ್ತದೆ. ತಿರುಗಿ ನೋಡಿದರೆ ಬೀಗದ ಕೈ ಒಳಗೇ ನೇತಾಡುತ್ತಿರುತ್ತದೆ. ಗಾಜಿನ ಸಂದಿಯಲ್ಲಿ ಅಡಿಪಟ್ಟಿ ಇಳಿಸುವವನೊಬ್ಬ, ತಂತಿ ಬಗ್ಗಿಸುವವನೊಬ್ಬ, ಸುತ್ತ ನಿಂತು ಸಲಹೆ ಕೊಡುವವರು ಹತ್ತು ಜನ. ಕಾರು ಇಟ್ಟುಕೊಂಡವರಲ್ಲಿ ಈ ಪಾಡು ಪಡದವರು ಒಂದು ಕಾಲಕ್ಕೆ ವಿರಳ. ಈಗಿನ ಅನೇಕ ಕಾರುಗಳಿಗೆ ತಿರುಗಿಸುವ ಕೀಲಿಯೇ ಇಲ್ಲ. ಜೇಬಿನಲ್ಲೊಂದು ಪ್ಲಾಸ್ಟಿಕ್ ಬಿಲ್ಲೆ ಇದ್ದರೆ ಸಾಕು, ಬಾಗಿಲು ತೆರೆಯುತ್ತದೆ, ಗುಂಡಿ ಒತ್ತಿದರೆ ಎಂಜಿನ್ ಚಾಲೂ ಆಗುತ್ತದೆ. ಬಿಲ್ಲೆಯನ್ನು ಒಳಗೆ ಮರೆತು ಬೀಗ ಹಾಕಹೊರಟರೆ ಕಾರೇ ಕೂಗಿ ಎಚ್ಚರಿಸುತ್ತದೆ. ಹಾಗಾದರೆ ಮರೆವಿನ ಸಮಸ್ಯೆ ಬಗೆಹರಿಯಿತೇ? ಉತ್ತರಕ್ಕೆ ನೂರು ವರ್ಷಕ್ಕೂ ಮೀರಿದ ಕಥೆಯನ್ನು ಬಿಚ್ಚಬೇಕು.

ಮೊದಲ ಕಾರುಗಳಲ್ಲಿ ಮರೆಯಲು ಕೀಲಿಯೇ ಇರಲಿಲ್ಲ. ಅವುಗಳ ಮೂತಿಗೆ ಕಬ್ಬಿಣದ ಹಿಡಿಕೆ ಸಿಕ್ಕಿಸಿ, ರಟ್ಟೆಯ ಬಲದಿಂದ ತಿರುಗಿಸಿ ಎಂಜಿನ್ ಎಬ್ಬಿಸಬೇಕಿತ್ತು. 1908ರಲ್ಲಿ ಹೊರಬಂದು 1927ರ ವೇಳೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಹೆಸರಾದದ್ದೇ ಈ ಹಿಡಿಕೆಗೆ. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಈ ಕಷ್ಟ ತಪ್ಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟೆರಿಂಗ್. ಅವನು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಇನ್ನು ಮೇಲೆ ಕಾರು ಹೊರಡಿಸಲು ತೋಳ್ಬಲ ಬೇಡವಾಯಿತು.

ಆದರೆ ಯಜಮಾನನಿಗೆ ಸುಲಭವಾದದ್ದು ಕಳ್ಳನಿಗೂ ಸುಲಭ. ಕಾರು ಕದ್ದು ಪಕ್ಕದ ರಾಜ್ಯಕ್ಕೆ ದಾಟಿಸಿಬಿಟ್ಟರೆ ಆ ಊರಿನ ಪೊಲೀಸರ ಕೈ ಕಟ್ಟಿದಂತೆ. ಈ ಪಿಡುಗು ಎಷ್ಟು ಬೆಳೆಯಿತೆಂದರೆ, ಕದ್ದ ಕಾರನ್ನು ರಾಜ್ಯದ ಗಡಿ ದಾಟಿಸುವುದು ಕೇಂದ್ರ ಸರ್ಕಾರದ ಅಪರಾಧವೆಂದು ಅಮೆರಿಕ 1919ರಲ್ಲೇ ಕಾನೂನು ಮಾಡಬೇಕಾಯಿತು. ಎಂಜಿನ್ನಿನ ವಿದ್ಯುತ್ ಸ್ವಿಚ್ಚಿಗೆ ಬೀಗ, ಬಾಗಿಲಿಗೆ ಬೀಗ ಎಂದು ಕೀಲಿಗಳು ಒಂದೊಂದಾಗಿ ಸೇರಿಕೊಂಡವು. ಆಗಲೂ ಕೀಲಿ ಸ್ವಿಚ್ಚನ್ನಷ್ಟೇ ತೆರೆಯುತ್ತಿತ್ತು. ಎಂಜಿನ್ ಎಬ್ಬಿಸಲು ಬೇರೆ ಗುಂಡಿಯನ್ನೋ ಪೆಡಲನ್ನೋ ಒತ್ತಬೇಕಿತ್ತು. 1949ರಲ್ಲಿ ಕ್ರೈಸ್ಲರ್ ಕಂಪನಿ ಎರಡನ್ನೂ ಒಂದಾಗಿಸಿತು. ಕೀಲಿ ಒಮ್ಮೆ ತಿರುಗಿಸಿದರೆ ಸಾಕು, ಕಾರು ಹೊರಡಲು ಸಿದ್ಧ. ಕೀಲಿ ಇದ್ದವನದೇ ಕಾರು ಎಂಬಂತಾದದ್ದು ಇಲ್ಲಿಂದ.

ಅಂಥ ಕೀಲಿಯನ್ನು ಕಾರಿನಲ್ಲೇ ಬಿಟ್ಟು ಹೋದರೆ? 1960ರ ದಶಕದ ಅಮೆರಿಕದಲ್ಲಿ ಕಳುವಾದ ಕಾರುಗಳ ಪೈಕಿ ಗಣನೀಯ ಪಾಲು ಮಾಲೀಕರೇ ಕೀಲಿ ಬಿಟ್ಟುಹೋದವು. ಕದಿಯುತ್ತಿದ್ದವರಲ್ಲಿ ಹದಿಹರೆಯದ ಹುಡುಗರು ಹೆಚ್ಚು. 'ಕಾರಿಗೆ ಬೀಗ ಹಾಕಿ, ಕೀಲಿ ಒಯ್ಯಿರಿ, ಒಳ್ಳೆಯ ಹುಡುಗ ಕೆಟ್ಟುಹೋಗಲು ನೆರವಾಗಬೇಡಿ' ಎಂಬ ಅರ್ಥದ ಪ್ರಚಾರವೂ ನಡೆಯಿತು. ಆದರೆ ಉಪದೇಶದಿಂದ ಮರೆವು ಹೋಗುತ್ತದೆಯೇ? 1970ರಿಂದ ಜಾರಿಗೆ ಬಂದ ಅಲ್ಲಿನ ಸುರಕ್ಷತಾ ನಿಯಮ ಬೇರೆ ದಾರಿ ಹಿಡಿಯಿತು. ಕೀಲಿ ತೆಗೆದೊಡನೆ ಕಾರು ತನ್ನಷ್ಟಕ್ಕೆ ಚಲಿಸದಂತೆ, ಇಲ್ಲವೆ ಸ್ಟೀರಿಂಗ್ ತಿರುಗದಂತೆ ಕಟ್ಟುಬೀಳಬೇಕು. ಕೀಲಿ ಇರುವಾಗಲೇ ಚಾಲಕ ಬಾಗಿಲು ತೆರೆದರೆ ಸದ್ದು ಬರಬೇಕು. ಮನುಷ್ಯನ ಮರೆವಿಗೆ ಯಂತ್ರ ಹೊಣೆ ಹೊರುವಂತೆ ಕಾನೂನೇ ಹೇಳಿದ್ದು ಇಲ್ಲಿನ ವಿಶೇಷ. ಈಗ ಕಿವಿಗೆ ಬೀಳುವ 'ಬೀಪ್ ಬೀಪ್' ಆ ವಂಶದ್ದೇ.

ಕಳ್ಳರೂ ಸುಮ್ಮನಿರಲಿಲ್ಲ. ಕಬ್ಬಿಣದ ಹಲ್ಲುಗಳನ್ನು ನಕಲು ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಆದ್ದರಿಂದ ಕೀಲಿಗೆ ಒಂದು ಗುರುತು ಕೊಡುವ ಯೋಚನೆ ಹುಟ್ಟಿತು. 1986ರ ಕಾರ್ವೆಟ್ ಕಾರಿನ ಕೀಲಿಯಲ್ಲಿ ಜನರಲ್ ಮೋಟಾರ್ಸ್ ಒಂದು ಪುಟ್ಟ ವಿದ್ಯುತ್ ರೋಧಕವನ್ನು ಹುದುಗಿಸಿತು. ಹದಿನೈದು ಬಗೆಯ ರೋಧಕಗಳಲ್ಲಿ ಸರಿಯಾದದ್ದು ಇದ್ದರಷ್ಟೇ ಎಂಜಿನ್ ಏಳುತ್ತಿತ್ತು. ಮುಂದೆ ಇದರ ಜಾಗಕ್ಕೆ ಚಿಪ್ ಬಂತು. ಆ ಚಿಪ್‌ಗೆ ಬ್ಯಾಟರಿಯೂ ಬೇಡ. ಬೀಗದ ಸುತ್ತಲಿನ ತಂತಿಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಗುಟ್ಟನ್ನು ಉಸುರುತ್ತದೆ. ಬರ್ಲಿನ್ ಗೋಡೆ ಉರುಳಿದ ಮೇಲೆ ಯುರೋಪಿನ ಗಡಿಗಳು ತೆರೆದುಕೊಂಡು ಕಾರುಗಳ್ಳತನ ಹೆಚ್ಚಿದಾಗ, ಇಂಥ ರಕ್ಷಣೆ 1998ರಿಂದ ಐರೋಪ್ಯ ಒಕ್ಕೂಟದ ಹೊಸ ಕಾರುಗಳಿಗೆ ಕಡ್ಡಾಯವಾಯಿತು.

ಇನ್ನೊಂದೆಡೆ, ಕೀಲಿಯ ಗೊಡವೆಯೇ ಬೇಡ ಎನ್ನುವ ಪ್ರಯತ್ನಗಳೂ ನಡೆದಿದ್ದವು. ಫೋರ್ಡ್ ಕಂಪನಿ 1980ರ ಕೆಲವು ಮಾದರಿಗಳಲ್ಲಿ ಬಾಗಿಲಿಗೆ ಐದು ಗುಂಡಿಗಳ ಪಟ್ಟಿ ಇಟ್ಟಿತು. ಅಂಕಿ ನೆನಪಿದ್ದರೆ ಸಾಕು, ಕೀಲಿ ಒಳಗೆ ಮರೆತರೂ ಚಿಂತೆಯಿಲ್ಲ. 1982ರಲ್ಲಿ ಫ್ರಾನ್ಸಿನ ರೆನೋ ಕಂಪನಿಯ ಫ್ಯೂಗೊ ಕಾರು ದೂರದಿಂದಲೇ ಬಾಗಿಲು ತೆರೆಯುವ ಅವಗೆಂಪು ಕಿರಣದ ಸಾಧನವನ್ನು ತಂದಿತು. ಅದನ್ನು ರೂಪಿಸಿದವನು ಪಾಲ್ ಲಿಪ್ಶುಟ್ಜ್. ಅವನ ಹೆಸರಿನಿಂದಲೇ ಫ್ರೆಂಚರು ಅದನ್ನು 'ಪ್ಲಿಪ್' ಎಂದು ಕರೆದರು. ಕಿರಣದ ಜಾಗಕ್ಕೆ ರೇಡಿಯೊ ತರಂಗ ಬಂದಾಗ ಹೊಸ ತೊಡಕು ಎದ್ದಿತು. ಪ್ರತಿ ಸಲವೂ ಅದೇ ಸಂಕೇತ ಹೊರಟರೆ ಮರೆಯಲ್ಲಿ ನಿಂತವನು ಅದನ್ನು ಹಿಡಿದಿಟ್ಟುಕೊಂಡು ಮತ್ತೆ ಬಿಡಬಹುದಲ್ಲ! ಹಾಗಾಗಿ ಒತ್ತಿದಾಗಲೆಲ್ಲ ಬದಲಾಗುವ ಸಂಕೇತಗಳು ಬಂದವು.

ಗುಂಡಿ ಒತ್ತುವ ಕೆಲಸವನ್ನೂ ಇಲ್ಲವಾಗಿಸಿದ್ದು ಮರ್ಸಿಡಿಸ್ ಬೆಂಜ್. 1998ರ ಕೊನೆಗೆ ಬಂದ ಅದರ ಎಸ್-ಕ್ಲಾಸ್ ಮಾದರಿಯ 'ಕೀಲೆಸ್ ಗೋ' ಈಗಿನ ವ್ಯವಸ್ಥೆಯ ಮೂಲಪುರುಷ. ಇಂಗ್ಲಿಷಿನಲ್ಲಿ ಈ ಬಿಲ್ಲೆಗೆ 'ಫಾಬ್' ಎನ್ನುತ್ತಾರೆ. ಆ ಪದಕ್ಕೆ ಮೊದಲಿದ್ದ ಅರ್ಥ, ಬೆಲೆಬಾಳುವ ವಸ್ತು ಇಡಲು ಸೊಂಟಪಟ್ಟಿಯ ಬಳಿ ಹೊಲಿಸಿಕೊಳ್ಳುತ್ತಿದ್ದ ಪುಟ್ಟ ಜೇಬು, ಎಂದರೆ ನಮ್ಮ ಕಳ್ಳಜೇಬು!

ಇದು ಕೆಲಸ ಮಾಡುವುದು ಹೀಗೆ. ಬಾಗಿಲಿನ ಹಿಡಿಯನ್ನು ಮುಟ್ಟಿದೊಡನೆ ಕಾರು ಕಡಿಮೆ ಕಂಪನಾಂಕದ, ಸಾಮಾನ್ಯವಾಗಿ 125 ಕಿಲೊಹರ್ಟ್ಸ್ ಆಸುಪಾಸಿನ, ಸಂಜ್ಞೆ ಹೊರಡಿಸಿ 'ಯಾರಲ್ಲಿ?' ಎಂದು ಕೇಳುತ್ತದೆ. ಈ ದನಿ ಒಂದೆರಡು ಮೀಟರಿನಾಚೆ ಮುಟ್ಟದು. ಬಿಲ್ಲೆ ಅದನ್ನು ಕೇಳಿಸಿಕೊಂಡು ಹೆಚ್ಚಿನ ಕಂಪನಾಂಕದಲ್ಲಿ ಉತ್ತರಿಸುತ್ತದೆ. ಬಾಗಿಲುಗಳಲ್ಲೂ ಒಳಗೂ ಇರುವ ಆಂಟೆನಾಗಳ ಪೈಕಿ ಯಾವುದರ ದನಿ ಬಿಲ್ಲೆಗೆ ಜೋರಾಗಿ ಕೇಳಿಸಿತೆಂಬುದರಿಂದ ಬಿಲ್ಲೆ ಒಳಗಿದೆಯೋ ಹೊರಗಿದೆಯೋ ಎಂದು ಕಾರು ನಿರ್ಧರಿಸುತ್ತದೆ. ಒಳಗಿದ್ದರೆ ಬೀಗ ಹಾಕಲು ಒಪ್ಪದು. ಆದರೆ ಬಿಲ್ಲೆ ಲೋಹದ ಡಬ್ಬಿಯಲ್ಲಿದ್ದರೆ, ಮೊಬೈಲ್ ಫೋನಿಗೆ ಅಂಟಿಕೊಂಡಿದ್ದರೆ, ಅದರ ಬ್ಯಾಟರಿ ಸೊರಗಿದ್ದರೆ ಈ ಸಂಭಾಷಣೆ ಕೆಡುತ್ತದೆ. ಆಗ ಕಾರಿಗೂ ಮರೆವು ಬಂದಂತೆ! ಬ್ಯಾಟರಿ ಸತ್ತರೆ ನೆರವಾಗಲೆಂದು ಅನೇಕ ಬಿಲ್ಲೆಗಳ ಹೊಟ್ಟೆಯಲ್ಲಿ ಹಳೆಯ ಕಾಲದ ಕಬ್ಬಿಣದ ಕೀಲಿಯೊಂದನ್ನು ಅಡಗಿಸಿಟ್ಟಿರುತ್ತಾರೆ. ಬಿಲ್ಲೆಯೇ ಒಳಗೆ ಸಿಕ್ಕಿಕೊಂಡರೆ ಅದೂ ಒಳಗೇ.

ಕಳ್ಳರು ಇದಕ್ಕೂ ದಾರಿ ಕಂಡುಕೊಂಡರು. ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಎಂಟು ಕಂಪನಿಗಳ ಹತ್ತು ಮಾದರಿಗಳನ್ನು ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾರಿನ ಬಳಿ ಒಬ್ಬ, ಬಿಲ್ಲೆ ಇರುವ ಕಡೆ ಇನ್ನೊಬ್ಬ ನಿಂತು ಎರಡರ ಪಿಸುಮಾತನ್ನು ಅತ್ತಿಂದಿತ್ತ ದಾಟಿಸಿದರೆ ಹತ್ತೂ ಕಾರುಗಳು ಮೋಸಹೋಗುತ್ತಿದ್ದವು. ಸಂಕೇತವನ್ನು ಒಡೆಯುವ ಅಗತ್ಯವೇ ಇರಲಿಲ್ಲ. ಉತ್ತರ ಬಂತೆಂದರೆ ಯಜಮಾನ ಹತ್ತಿರವಿದ್ದಾನೆ ಎಂಬ ಕಾರಿನ ನಂಬಿಕೆಯೇ ಅದರ ದೌರ್ಬಲ್ಯ. ಇನ್ನು ಬಿಲ್ಲೆಯನ್ನು ಕಾರಿನಲ್ಲೇ ಬಿಟ್ಟವನ ಮಟ್ಟಿಗೆ ಕಳ್ಳನಿಗೆ ಈ ಉಪಾಯವೂ ಬೇಕಿಲ್ಲ. ಅನೇಕ ಕಾರುಗಳಲ್ಲಿ ಗಾಜು ಒಡೆದು ಗುಂಡಿ ಒತ್ತಿದರೆ ಸಾಕು.

ಕೀಲಿಯನ್ನು ತೆಗೆದುಹಾಕಿದ್ದರ ಹೆಚ್ಚಿನ ಬೆಲೆ ಮಾತ್ರ ಕಳ್ಳತನದ್ದಲ್ಲ. ಹಿಂದೆ ಕೀಲಿ ಕಿತ್ತುಕೊಳ್ಳಬೇಕಾದರೆ ಎಂಜಿನ್ ಆರಿಸಲೇಬೇಕಿತ್ತು. ಈಗ ಬಿಲ್ಲೆ ಜೇಬಿನಲ್ಲಿ, ಎಂಜಿನ್ ಚಾಲೂ. ಈಗಿನ ಎಂಜಿನ್ನಿನ ಸದ್ದೂ ಕಡಿಮೆ. ಮನೆಗೆ ಹೊಂದಿಕೊಂಡ ಗ್ಯಾರೇಜಿನಲ್ಲಿ ಹೀಗೆ ಉರಿಯುತ್ತಲೇ ಉಳಿದ ಕಾರಿನ ಕಾರ್ಬನ್ ಮೊನಾಕ್ಸೈಡ್ ಅನಿಲ ಮನೆಯೊಳಗೆ ಹಬ್ಬಿ, 2006ರಿಂದೀಚೆಗೆ ಅಮೆರಿಕದಲ್ಲಿ ಕನಿಷ್ಠ 28 ಮಂದಿ ಸತ್ತಿದ್ದಾರೆಂದು 'ನ್ಯೂಯಾರ್ಕ್ ಟೈಮ್ಸ್' 2018ರಲ್ಲಿ ವರದಿ ಮಾಡಿತು. ಇಂಥ ಎಂಜಿನ್ ತಾನಾಗಿಯೇ ಆರುವಂತೆ ನಿಯಮ ರೂಪಿಸಬೇಕೆಂದು 2021ರಲ್ಲಿ ಅಲ್ಲಿ ಕಾನೂನಾಯಿತು. ಕೀಲಿ ತಿರುಗಿಸುವ ಒಂದು ಚಿಕ್ಕ ಶ್ರಮದಲ್ಲಿ ಎಷ್ಟು ಜೀವಗಳ ರಕ್ಷಣೆ ಅಡಗಿತ್ತೆಂಬುದು, ಅದು ಇಲ್ಲವಾದ ಮೇಲೆ ಗೊತ್ತಾಯಿತು.

ಕನ್ನಡದ ಮಾತುಗಳಲ್ಲಿ ಈ ಕಥೆಯ ಸಾರವೇ ಇದ್ದಂತಿದೆ. ಹಳೆಯ ಮೈಸೂರಿನವರಿಗೆ ಅದು ಬೀಗದ ಕೈ, ಉತ್ತರ ಕರ್ನಾಟಕದವರಿಗೆ ಕೀಲಿಕೈ. ಎರಡರಲ್ಲೂ 'ಕೈ' ಇದೆ. ಸೊಂಟಕ್ಕೆ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದ ನಮ್ಮ ಅಜ್ಜಿಯರಿಗೆ ಅದು ಜೊತೆಗಿದೆಯೋ ಇಲ್ಲವೋ ಎಂಬುದನ್ನು ಅದರ ಭಾರವೇ, ಅದರ ಕಿಣಿಕಿಣಿಯೇ ಹೇಳುತ್ತಿತ್ತು. ಯಂತ್ರದಿಂದ 'ಕೈ'ಯನ್ನು ಬಿಡಿಸಲು ಎಂಜಿನಿಯರುಗಳು ನೂರು ವರ್ಷ ದುಡಿದರು, ಗೆದ್ದರು. ಆದರೆ ಮರೆವು ನೀಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಕಾರಿನ ಬಾಗಿಲು ಹಾಕುವ ಮುನ್ನ ಎಂಜಿನ್ನಿನ ಸದ್ದು ನಿಂತಿದೆಯೇ ಎಂದು ಕಿವಿಗೊಟ್ಟು, ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುವ ಹಳೆಯ ಅಭ್ಯಾಸವನ್ನು ಮಾತ್ರ ಕೈಬಿಡದಿರುವುದು ಒಳ್ಳೆಯದು.