ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್

'ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್' ಆಂಗ್ಲ ಚಿತ್ರಕಾರ ರಾಬರ್ಟ್ ಹೋಮ್ (1752–1834) ಬರೆದ ಭೂದೃಶ್ಯಗಳ ಮುದ್ರಿತ ಸಂಪುಟ. ಇದು 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮೂರನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ (1790–92) ಹೋಮ್ ಲಾರ್ಡ್ ಕಾರ್ನ್‌ವಾಲಿಸನ ಸೇನೆಯೊಂದಿಗೆ ಸಂಚರಿಸಿ ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣ ಮೊದಲಾದ ಸ್ಥಳಗಳನ್ನು ಚಿತ್ರಿಸಿದನು.

ಈ ಚಿತ್ರಗಳ ಭಾವವನ್ನು ಅರಿಯಲು ಆ ಶತಮಾನದ ಯುರೋಪಿನ ಸೌಂದರ್ಯ ವಿಚಾರವನ್ನು ಗಮನಿಸಬೇಕು. ವೈಶಾಲ್ಯ, ಅಸ್ಪಷ್ಟತೆ ಮತ್ತು ಭಯಗಳು ನೋಡುಗನಲ್ಲಿ 'ಭವ್ಯತೆ'ಯ ಅನುಭವವನ್ನು ಮೂಡಿಸುತ್ತವೆ ಎಂದು ಎಡ್ಮಂಡ್ ಬರ್ಕ್ 1757ರಲ್ಲಿ ಪ್ರತಿಪಾದಿಸಿದ್ದನು. ಸಾವನದುರ್ಗದ ಬೃಹತ್ ಏಕಶಿಲೆ ಈ ಕಲ್ಪನೆಗೆ ತಕ್ಕ ವಸ್ತುವಾಗಿತ್ತು. ಆಂಗ್ಲರು ಅದರ ಹೆಸರನ್ನು 'ಸಾವಿನ ಬಂಡೆ' ಎಂದೇ ಅರ್ಥೈಸಿದರು. ವಾಸ್ತವದಲ್ಲಿ 1791ರ ಡಿಸೆಂಬರ್ 21ರಂದು ಕೋಟೆ ಅತ್ಯಲ್ಪ ನಷ್ಟದೊಂದಿಗೆ ಅವರ ವಶವಾಯಿತು. ಬೆಟ್ಟ ಎಷ್ಟು ಭಯಂಕರವಾಗಿ ಕಂಡರೆ ಗೆಲುವು ಅಷ್ಟು ದೊಡ್ಡದಾಗಿ ತೋರುತ್ತದೆ. ಆದ್ದರಿಂದ ಇವುಗಳನ್ನು ಕೇವಲ ಪ್ರಕೃತಿ ಚಿತ್ರಗಳೆಂದು ನೋಡುವುದು ಸಾಲದು.

ಸಂಪುಟದ ಒಂದು ಚಿತ್ರ, ದೇಗುಲವೊಂದರಿಂದ ಸೈಪ್ರೆಸ್ ತೋಟದೊಡನೆ ಕಾಣುವ ಬೆಂಗಳೂರಿನ ಪೂರ್ವ ನೋಟ. ಸೈಪ್ರೆಸ್ ಮರಕ್ಕೆ ಎರಡು ಸಂಸ್ಕೃತಿಗಳಲ್ಲಿ ಎರಡು ಅರ್ಥಗಳಿವೆ. ಪರ್ಷಿಯನ್ ಕಾವ್ಯದಲ್ಲಿ ಅದು ಪ್ರಿಯೆಯ ನೀಳ ನಿಲುವಿಗೆ ಉಪಮಾನ, ಉದ್ಯಾನದ ಅಲಂಕಾರ; ಯುರೋಪಿನಲ್ಲಿ ಸ್ಮಶಾನದ ಮರ, ಶೋಕದ ಸಂಕೇತ. ಹೈದರಾಲಿ ಮತ್ತು ಟಿಪ್ಪು ಮೊದಲ ಅರ್ಥದಲ್ಲಿ ಬೆಳೆಸಿದ ತೋಟವನ್ನು ಲಂಡನ್ನಿನ ಓದುಗ ಎರಡನೆಯ ಅರ್ಥದಲ್ಲಿ ಕಂಡಿರುವುದು ಅಸಂಭವವಲ್ಲ. ಶ್ರೀರಂಗಪಟ್ಟಣದ ಲಾಲ್‌ಬಾಗಿನಲ್ಲಿರುವ ಹೈದರಾಲಿಯ ಸಮಾಧಿಯನ್ನೂ ಹೋಮ್ ಚಿತ್ರಿಸಿದನು. ಅಲ್ಲಿನ ಸೈಪ್ರೆಸ್ ಮರಗಳನ್ನು 1792ರ ಮುತ್ತಿಗೆಯ ವೇಳೆ ಕಂಪನಿಯ ಸೈನ್ಯವು ಕಂದಕ ಕಾಮಗಾರಿಗಾಗಿ ಕಡಿದುಹಾಕಿತು.

ಅದೇ ಯುದ್ಧದ ಸ್ಥಳಗಳನ್ನು ರಾಬರ್ಟ್ ಕೋಲ್‌ಬ್ರುಕ್ ಮತ್ತು ಅಲೆಕ್ಸಾಂಡರ್ ಅಲನ್ ಎಂಬ ಸೇನಾಧಿಕಾರಿಗಳೂ ಚಿತ್ರಿಸಿದ್ದಾರೆ. ಭಾರತವನ್ನು ಎಂದೂ ಕಾಣದ ಟರ್ನರ್ ಕೂಡ ಸುಮಾರು 1800ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಜಲವರ್ಣದಲ್ಲಿ ಬರೆದನು.

ಇವುಗಳೊಡನೆ ಹೋಲಿಸಿ ನೋಡಬೇಕಾದುದು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ (1784) ಭಿತ್ತಿಚಿತ್ರ. ಟಿಪ್ಪುವಿನ ಕಡೆಯ ಈ ಚಿತ್ರ, ಕರ್ನಲ್ ಬೇಲಿಯ ಪಡೆ ಸೋತ 1780ರ ಪೊಲ್ಲಿಲೂರು ಕದನವನ್ನು ತೋರಿಸುತ್ತದೆ. ಅದರಲ್ಲಿ ದೂರದಿಂದ ನೋಡುವ ಒಂದೇ ನೆಲೆಯಿಲ್ಲ, ಮಬ್ಬಾದ ದಿಗಂತವೂ ಇಲ್ಲ. ಗೋಡೆಯ ತುಂಬ ಸೈನಿಕರು, ಕುದುರೆಗಳು, ಆನೆಗಳು.