ಕೀಲಿಯ ಸದ್ದಿಗೊಂದು ಚರಿತ್ರೆ

ಬೆರಳಚ್ಚು ಯಂತ್ರದ ಸದ್ದು ಅಲಂಕಾರವಲ್ಲ. ಅಚ್ಚು ಕಾಗದಕ್ಕೆ ಬಡಿಯಿತು, ಅಕ್ಷರ ಮೂಡಿತು ಎಂಬುದಕ್ಕೆ ಅದೇ ಸಾಕ್ಷಿ. ಕಂಪ್ಯೂಟರಿನಲ್ಲಿ ಬಡಿಯುವಂಥದ್ದೇನೂ ಇಲ್ಲ. ಆದರೂ ಪಳಗಿದ ಬೆರಳುಗಳು ಆ ಸಾಕ್ಷಿಯನ್ನು ಬಿಟ್ಟುಕೊಡಲಿಲ್ಲ.

ಐಬಿಎಂನ ರಿಚರ್ಡ್ ಹ್ಯಾರಿಸ್ ರೂಪಿಸಿದ ಕೀಲಿಗೆ 1978ರಲ್ಲಿ ಪೇಟೆಂಟ್ ಸಿಕ್ಕಿತು. ಒತ್ತುತ್ತ ಹೋದರೆ ಒಳಗಿನ ಸ್ಪ್ರಿಂಗ್ ಒಂದು ಹಂತದಲ್ಲಿ ತಟ್ಟನೆ ಬಾಗುತ್ತದೆ. ಬೆರಳಿಗೆ ಬಿಗಿ ಸಡಿಲಿದ ಅನುಭವ, ಕಿವಿಗೆ ಟಕ್ಕೆಂಬ ಸದ್ದು, ಪರದೆಗೆ ಅಕ್ಷರ, ಎಲ್ಲವೂ ಒಟ್ಟಿಗೇ. 1981ರ ಐಬಿಎಂ ಪಿಸಿಯ ಜತೆ ಬಂದದ್ದು ಇಂಥ ಕೀಲಿಮಣೆಯೇ.

ಅದೇ ದಶಕದಲ್ಲಿ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್‌ಗಳು ಬಂದವು. ಮುಂದೆ ಈ ಸಾಲಿನಲ್ಲಿ ಬಣ್ಣವೇ ಗುಣದ ಗುರುತಾಯಿತು. ನೀಲಿ ಸದ್ದು ಮಾಡುತ್ತದೆ. ಕಂದು ಸದ್ದಿಲ್ಲದೆ ಬೆರಳಿಗಷ್ಟೇ ಸಣ್ಣ ಉಬ್ಬೊಂದನ್ನು ತಾಗಿಸುತ್ತದೆ. ಕಪ್ಪು, ಕೆಂಪು ಎರಡೂ ನಯವಾಗಿ ಇಳಿಯುತ್ತವೆ, ಕಪ್ಪಿಗೆ ಬಲ ಹೆಚ್ಚು ಬೇಕು. ಕೆಂಪು ಸ್ವಿಚ್ಚಿನ ಕೀಲಿ ಒಟ್ಟು 4 ಮಿಲಿಮೀಟರ್ ಇಳಿಯಬಲ್ಲದು, 2 ಇಳಿದಾಗಲೇ ಅಕ್ಷರ ದಾಖಲಾಗಿರುತ್ತದೆ.

ಅಗ್ಗದ ರಬ್ಬರ್ ಕೀಲಿಮಣೆಗಳು ಮೇಜುಗಳನ್ನು ಆಕ್ರಮಿಸಿದ ಮೇಲೆ ಇವೆಲ್ಲ ಮೂಲೆ ಸೇರಿದವು. ಮತ್ತೆ ಹೊರಗೆಳೆದವರಲ್ಲಿ ಆಟಗಾರರಿದ್ದರು, ಪ್ರೋಗ್ರಾಮರುಗಳಿದ್ದರು, ಬರೆಯುವವರೂ ಇದ್ದರು.

ಕನ್ನಡ ಬರೆಯುವವರಿಗೆ ಈ ಆಯ್ಕೆ ಬರೀ ಶೋಕಿಯಲ್ಲ. ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಕೀಲಿ ಒತ್ತಬೇಕು, ಜತೆಗೆ ಶಿಫ್ಟ್. ಒತ್ತಕ್ಷರದ ಭಾರವನ್ನು ಪುಟಗಟ್ಟಲೆ ಹೊರುವುದು ಬೆರಳೇ. ಹಾಗಾಗಿ ಸ್ವಿಚ್ಚಿನ ಬಣ್ಣ ನೋಡುವ ಮೊದಲು ಅದರ ಬಿಗಿಯನ್ನು ನೋಡಿ. ಸದ್ದು ಬೇಕೇ ಬೇಡವೇ ಎಂಬುದನ್ನು ಮನೆಯವರ ನಿದ್ದೆ ತೀರ್ಮಾನಿಸಲಿ.