ಲೇಪಾಕ್ಷಿಯ ನೆರೆಯ ಕೊಕ್ಕರೆಯೂರು

ಸಂಕ್ರಾಂತಿಯು ಕಳೆದು ಮಾವು ಹೂಬಿಡುವ ಹೊತ್ತಿಗೆ ನಮ್ಮ ಗಡಿನಾಡಿನ ಒಂದು ಸಣ್ಣ ಹಳ್ಳಿಯು ಅತಿಥಿಗಳಿಂದ ತುಂಬಿಹೋಗುತ್ತದೆ. ಆ ಹಳ್ಳಿಯ ಹೆಸರು ವೀರಾಪುರ. ಹಿಂದೂಪುರ ಸೀಮೆಯ ಚಿಲಮತ್ತೂರು ಮಂಡಲಕ್ಕೆ ಸೇರಿದ ಈ ಊರು 2022ರ ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಇಲ್ಲಿ ಮುಳ್ಳುಬೇಲಿಯ ಅಭಯಾರಣ್ಯವಿಲ್ಲ. ಮನೆಗಳ ನಡುವಣ ಹುಣಿಸೆಯ ಮರಗಳೇ ಹಕ್ಕಿಗಳ ಬಿಡಾರ. ಕೆಳಗೆ ಹೆಂಗಸರು ನೀರು ಹೊರುತ್ತಿರುವಾಗ ಮೇಲೆ ಬಣ್ಣದ ಕೊಕ್ಕರೆಗಳು ಕಡ್ಡಿಯ ಮೇಲೆ ಕಡ್ಡಿಯನ್ನಿಟ್ಟು ಗೂಡು ಕಟ್ಟುತ್ತಿರುತ್ತವೆ.

ಬಣ್ಣದ ಕೊಕ್ಕರೆಯ ರೂಪವು ಹೆಸರಿಗೆ ತಕ್ಕಂತಿದೆ. ನೀಳವಾದ ಹಳದಿಯ ಕೊಕ್ಕು, ಗರಿಯಿಲ್ಲದ ಕಿತ್ತಳೆಗೆಂಪಿನ ಮೊಗ, ಬಿಳಿಯ ಮೈ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ. ಬೆನ್ನಿನ ಕೆಳಗೆ ಮಾತ್ರ ಗುಲಾಲು ಎರಚಿದಂತೆ ಒಂದಿಷ್ಟು ಗುಲಾಬಿ ಬಣ್ಣ. ಬೆಳೆದ ಹಕ್ಕಿಗೆ ಕೂಗೆಂಬುದು ಇಲ್ಲವೆನ್ನಬಹುದು. ಅದರ ಮಾತೆಲ್ಲವೂ ಕೊಕ್ಕುಗಳನ್ನು ಕಟಕಟನೆ ತಾಡಿಸುವುದರಲ್ಲಿಯೇ ಮುಗಿಯುತ್ತದೆ. ಎರಡರಿಂದ ಐದು ಮೊಟ್ಟೆಗಳನ್ನಿಟ್ಟು ಸುಮಾರು ಒಂದು ತಿಂಗಳು ಕಾವು ಕೊಡುತ್ತದೆ. ಚೈತ್ರದ ಉರಿಬಿಸಿಲಿನಲ್ಲಿ ತಾಯಿಯೋ ತಂದೆಯೋ ರೆಕ್ಕೆಗಳನ್ನು ಹರಡಿ ನಿಂತು ಮರಿಗಳಿಗೆ ನೆರಳು ಮಾಡುವ ದೃಶ್ಯವನ್ನು ಕಂಡವರು ಅದನ್ನು ಮರೆಯಲಾರರು.

ಈ ಹಕ್ಕಿಗಳು ಸೈಬೀರಿಯಾದಿಂದ ಬರುವುವೆಂಬ ಮಾತು ನಮ್ಮಲ್ಲಿ ಬಳಕೆಯಲ್ಲಿದೆ. ಇದು ನಿಜವಲ್ಲ. ಉತ್ತರದ ಶೀತದೇಶಗಳಿಂದ ಬರುವ ಹಕ್ಕಿಗಳು ಚಳಿಗಾಲವನ್ನು ಮಾತ್ರ ಇಲ್ಲಿ ಕಳೆದು, ವಸಂತದಲ್ಲಿ ಹಿಂದಿರುಗಿ, ತಮ್ಮ ನಾಡಿನಲ್ಲಿಯೇ ಮರಿ ಮಾಡುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಬಾತುಗಳು ಅಂಥವು. ಬಣ್ಣದ ಕೊಕ್ಕರೆಯಾದರೋ ಭಾರತದ ನಿವಾಸಿ. ನೀರನ್ನೂ ಮೀನನ್ನೂ ಅರಸುತ್ತ ಊರಿಂದೂರಿಗೆ ಅಲೆದು, ಮರಿ ಮಾಡುವ ಕಾಲಕ್ಕೆ ಗೊತ್ತಾದ ಮರಗಳನ್ನು ಸೇರುತ್ತದೆ. ಮಳೆ ನಿಂತು ಕೆರೆಗಳು ಇಂಗತೊಡಗಿದಾಗ ಮೀನುಗಳು ಆಳವಿಲ್ಲದ ನೀರಿನಲ್ಲಿ ಒತ್ತಾಗಿ ಸೇರುವುವು. ತೆರೆದ ಕೊಕ್ಕನ್ನು ಆ ನೀರಿನಲ್ಲಿ ಆಡಿಸುತ್ತ, ಮೀನು ತಗುಲಿದೊಡನೆ ಹಿಡಿಯುವ ಈ ಹಕ್ಕಿಗೆ ಹಸಿದ ಮರಿಗಳನ್ನು ಸಾಕಲು ಅದೇ ತಕ್ಕ ಕಾಲ.

ಆದುದರಿಂದ ಕೊಕ್ಕರೆಯ ಚರಿತ್ರೆಯು ನಮ್ಮ ಕೆರೆಗಳ ಚರಿತ್ರೆಯೂ ಆಗಿದೆ. ಈ ಸೀಮೆಯಲ್ಲಿ ಮಳೆ ಕಡಿಮೆ. ವರ್ಷವಿಡೀ ಹರಿಯುವ ಹೊಳೆಗಳಿಲ್ಲ. ನೀರನ್ನು ಕಟ್ಟಿ ನಿಲ್ಲಿಸಿದವರು ನಮ್ಮ ಪೂರ್ವಿಕರು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಎಂಬುದು ನಮ್ಮ ಮಡಕಶಿರಾ ಸೀಮೆಯ ಇಂದಿನ ಹೇಮಾವತಿಯೇ. ಗಂಗ-ನೊಳಂಬರ ಕಾಲದ ಕನ್ನಡ ಶಾಸನಗಳಲ್ಲಿ ‘ಬಿತ್ತುವಟ್ಟ’ವೆಂಬ ಶಬ್ದವು ಬರುತ್ತದೆ. ಕೆರೆಯನ್ನು ಕಟ್ಟಿಸಿದವರಿಗೆ, ಅದನ್ನು ಕಾಪಾಡುವುದಕ್ಕೆ ಬಿಟ್ಟ ಭೂಮಿಯ ದತ್ತಿಯಿದು. ಏರಿ ಒಡೆಯದಂತೆ, ತೂಬು ಕಟ್ಟದಂತೆ, ಹೂಳು ತುಂಬದಂತೆ ನೋಡಿಕೊಳ್ಳುವ ಹೊಣೆಯನ್ನು ಹೊಲದ ಫಲದೊಡನೆ ಹೀಗೆ ಬೆಸೆದಿದ್ದರು. ಕೊಕ್ಕರೆಗಾಗಿ ಯಾರೂ ಕೆರೆ ಕಟ್ಟಿಸಲಿಲ್ಲ. ಆದರೂ ಗದ್ದೆಗೆಂದು ನಿಲ್ಲಿಸಿದ ನೀರಿನಲ್ಲಿ ಹಕ್ಕಿಗೂ ಪಾಲು ದೊರೆಯಿತು.

ನೀರಿದ್ದರೆ ಮಾತ್ರ ಸಾಲದು, ಅಭಯವೂ ಬೇಕು. ಈ ಅಭಯವನ್ನು ಕಾನೂನಿಗಿಂತ ಮೊದಲು ಕೊಟ್ಟವರು ಹಳ್ಳಿಗರು. ತಮಿಳುನಾಡಿನ ವೇಡಂತಾಂಗಲ್ಲಿನ ಜನರು ತಮ್ಮ ಕೆರೆಯ ಹಕ್ಕಿಗಳನ್ನು ಸಿಪಾಯಿಗಳು ಗುಂಡಿಕ್ಕುವುದನ್ನು ಸಹಿಸದೆ, 1798ರ ಸುಮಾರಿನಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರರಲ್ಲಿ ದೂರಿಟ್ಟು ರಕ್ಷಣೆಯ ಕೌಲನ್ನು ಪಡೆದರು. ಶ್ರೀರಂಗಪಟ್ಟಣದ ಬಳಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಒಡ್ಡಿನಿಂದ ನಡುಗಡ್ಡೆಗಳು ಉಂಟಾದುವು. ಅವುಗಳ ಮೇಲೆ ಹಕ್ಕಿಗಳು ಗೂಡುಕಟ್ಟುವುದನ್ನು ಕಂಡ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರು ಮೈಸೂರಿನ ಮಹಾರಾಜರಿಗೆ ಸಲಹೆಯಿತ್ತ ಫಲವಾಗಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ವೀರಾಪುರಕ್ಕೆ ನಿಜವಾದ ಸೋದರಿಯೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಶಿಂಷಾ ನದಿಗೆ ಸಮೀಪದ ಆ ಊರಿನ ಮರಗಳಲ್ಲಿ ಬಣ್ಣದ ಕೊಕ್ಕರೆಯೊಡನೆ ಹೆಜ್ಜಾರ್ಲೆಯೂ ಮರಿ ಮಾಡುತ್ತದೆ. ಹಿಂದೆ ಪ್ಲೇಗು ಬಂದು ಜನರು ನದಿಯ ದಡದ ಹಳೆಯೂರನ್ನು ತೊರೆದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದುವೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಈ ಹಕ್ಕಿಗಳನ್ನು ಅವರು ಭಾವಿಸಿದ್ದಾರೆ. ಬಾಣಂತಿಯನ್ನು ಮನೆಯಿಂದ ಅಟ್ಟುವವರುಂಟೆ? ಮರದ ಕೆಳಗೆ ಬಿದ್ದ ಹಿಕ್ಕೆಯು ಹೊಲಕ್ಕೆ ಒಳ್ಳೆಯ ಗೊಬ್ಬರ. ಅರಣ್ಯ ಇಲಾಖೆಯ ಎಸ್. ಜಿ. ನೇಗಿನಹಾಳರು 1976ರಲ್ಲಿ ಈ ಊರಿನ ವಿಷಯವನ್ನು ಹೊರಗಿನ ಲೋಕಕ್ಕೆ ತಿಳಿಸಿದರು. ಗೂಡಿರುವ ಮರದ ಹುಣಿಸೆಯ ಫಸಲು ನಷ್ಟವಾಗುವುದರಿಂದ ಒಡೆಯರಿಗೆ ಪರಿಹಾರಧನ ಕೊಡುವ ಪದ್ಧತಿಯು ಬಂದಿತು. ಹೆಜ್ಜಾರ್ಲೆ ಬಳಗದವರು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಕೈಗೊಂಡರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಇಷ್ಟಾದರೂ ಗಂಡಾಂತರವು ತಪ್ಪಲಿಲ್ಲ. 2017-18ರ ಋತುವಿನಲ್ಲಿ ಹೊಟ್ಟೆಯ ಹುಳುವಿನ ಬಾಧೆಯಿಂದ ಅನೇಕ ಹೆಜ್ಜಾರ್ಲೆಗಳು ಸತ್ತುವು. ಮರವನ್ನು ಕಾಪಾಡಿದವರು ನೀರಿನ ಶುದ್ಧಿಯನ್ನೂ ಕಾಪಾಡಬೇಕೆಂಬ ಪಾಠವು ಇದರಲ್ಲಿದೆ.

ನಮ್ಮ ಕುಟುಂಬಗಳು ವೀರಾಪುರಕ್ಕೆ ಹೋಗುವುದಾದರೆ ಶಿವರಾತ್ರಿಯಿಂದ ಯುಗಾದಿಯ ವರೆಗಿನ ದಿನಗಳು ಉತ್ತಮ. ಬುತ್ತಿ ಕಟ್ಟಿಕೊಂಡು ಬೆಳಗಿನ ತಂಪಿನಲ್ಲಿಯೇ ಸೇರಬೇಕು. ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು, ಮರ ಹತ್ತುವುದು ಸರ್ವಥಾ ಕೂಡದು. ದೊಡ್ಡ ಹಕ್ಕಿಯು ಬೆದರಿ ಎದ್ದರೆ ಬಿಸಿಲಿಗೆ ಬಿದ್ದ ಮರಿಯು ಬದುಕದು. ಒಂದು ಮರದಲ್ಲಿ ಗೂಡುಗಳೆಷ್ಟು, ತಂದೆತಾಯಿಗಳು ಎಷ್ಟು ಹೊತ್ತಿಗೊಮ್ಮೆ ಆಹಾರ ತರುತ್ತವೆ ಎಂಬುದನ್ನು ಮಕ್ಕಳು ಎಣಿಸಿ ಬರೆದುಕೊಳ್ಳಲಿ. ಹಳ್ಳಿಯ ಅಜ್ಜಂದಿರನ್ನು ಮಾತನಾಡಿಸಲಿ. ತೆಲುಗಿನಲ್ಲಿ ಕೊಂಗವೆಂದು ಕರೆಯುವುದನ್ನು ನಾವು ಕೊಕ್ಕರೆಯೆನ್ನುವೆವೆಂದು ತಿಳಿಯಲಿ. ಎರಡು ನುಡಿಗಳೂ ನಮ್ಮ ಮಕ್ಕಳ ಸಂಪತ್ತೇ. ಬೆಳ್ಳಕ್ಕಿ, ನೀರುಕಾಗೆ, ಹೆಜ್ಜಾರ್ಲೆ ಎಂಬ ಹೆಸರುಗಳು ಮನೆಯಲ್ಲಿ ಹಿರಿಯರ ಬಾಯಿಂದ ಬರದಿದ್ದರೆ ಪಠ್ಯಪುಸ್ತಕವೊಂದೇ ಅವನ್ನು ಉಳಿಸಲಾರದು.

ಹಿಂದಿರುಗುವಾಗ ಲೇಪಾಕ್ಷಿಯ ವೀರಭದ್ರನ ದರ್ಶನವೂ ಆಗಲಿ. ಆ ವಿಜಯನಗರದ ಕಾಲದ ಗುಡಿಯಲ್ಲಿ ಕನ್ನಡ ಶಾಸನಗಳಿವೆ. ರೆಕ್ಕೆ ಕಡಿದು ಬಿದ್ದಿದ್ದ ಜಟಾಯುವಿಗೆ ಶ್ರೀರಾಮನು “ಲೇ, ಪಕ್ಷಿ” — ಏಳು, ಹಕ್ಕಿಯೇ — ಎಂದುದರಿಂದ ಊರಿಗೆ ಆ ಹೆಸರು ಬಂದಿತೆಂಬುದು ಸ್ಥಳದ ಐತಿಹ್ಯ. ನಿರುಕ್ತಿಯ ವಿಚಾರವನ್ನು ಪಂಡಿತರಿಗೆ ಬಿಡೋಣ. ಬಿದ್ದ ಹಕ್ಕಿಯನ್ನು ಎಬ್ಬಿಸುವುದು ಧರ್ಮವೆಂದು ಈ ಸೀಮೆಯ ಜನರು ನಂಬಿದ್ದರೆಂಬುದಕ್ಕೆ ಈ ಕಥೆಯೇ ಸಾಕ್ಷಿ.

1953ರಲ್ಲಿ ಆಂಧ್ರರಾಜ್ಯವಾಯಿತು, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಗಡಿಯ ವ್ಯಾಜ್ಯದಲ್ಲಿ ನಾವು ಬಹುವಾಗಿ ನೊಂದಿದ್ದೇವೆ. ಆದರೆ ಬತ್ತಿದ ಕೆರೆಯೂ ಕಡಿದ ಮರವೂ ಗಡಿಯ ಎರಡು ಕಡೆಯವರಿಗೂ ನಷ್ಟವೇ. ಗೂಡು ಹೊರುವ ಹುಣಿಸೆಗಳು ನಮ್ಮ ಅಜ್ಜಂದಿರು ನೆಟ್ಟವು. ಹುಣಿಸೆಯು ಹರಡಿ ಬೆಳೆಯಲು ಒಂದು ತಲೆಮಾರು ಬೇಕು. ಇಂದು ಮುದಿಮರವೊಂದು ಬಿದ್ದರೆ ಅದರ ಸ್ಥಾನಕ್ಕೆ ನಾಳೆಯೇ ಮತ್ತೊಂದು ಬಾರದು. ಆದುದರಿಂದ ನಮ್ಮ ಸಂಘವು ಈ ವಾರ್ಷಿಕೋತ್ಸವದಿಂದಾರಂಭಿಸಿ, ಪ್ರತಿಯೊಂದು ಕನ್ನಡ ಶಾಲೆಯ ಬಯಲಿನಲ್ಲಿಯೂ ಊರ ಕೆರೆಯ ಬಳಿಯಲ್ಲಿಯೂ ಹುಣಿಸೆಯ ಸಸಿಗಳನ್ನು ನೆಡಿಸಿ, ಒಂದೊಂದನ್ನು ಒಂದೊಂದು ಮನೆತನದ ವಶಕ್ಕೆ ಒಪ್ಪಿಸಬೇಕೆಂದು ನಾವು ವಿನಂತಿಸುತ್ತೇವೆ. ನೀರೆರೆಯುವ ಕೆಲಸವು ಮಕ್ಕಳದಾಗಲಿ. ಅವರ ಮಕ್ಕಳ ಕಾಲಕ್ಕೆ ಆ ಮರಗಳಿಗೂ ಕೊಕ್ಕರೆಗಳು ಬರಲಿ.